ಮಿಸ್ರಿ ಗಲ್ಲಿಗೆ ಎರಡು ದಿಕ್ಕು

ಹೈದರಾಬಾದಿನ ಸುಲ್ತಾನ್ ಬಜಾರದ ಹಿಂದ, ಬೇಗಂ ಬಜಾರಕ್ಕ ಹೋಗೋ ಹಾದಿಯೊಳಗ ಮಿಸ್ರಿ ಗಲ್ಲಿ ಅಂತ ಒಂದು ಓಣಿ. ಮಿಸ್ರಿ ಅಂದ್ರ ಕಲ್ಲುಸಕ್ಕರಿ. ಸಕ್ಕರಿ ಯಾವ ಕಾಲಕ್ಕ ಕರಗಿ ಹೋಗಿತ್ತೊ ಏನೊ, ಕಲ್ಲು ಮಾತ್ರ ಇನ್ನೂ ಇದ್ದವು. ಓಣಿ ಉತ್ತರದಿಂದ ದಕ್ಷಿಣಕ್ಕ ನೂಲು ಹಿಡದಂಗ ನೆಟ್ಟಗಿತ್ತು, ಅಗಲನೂ ಹೆಚ್ಚುಕಡಿಮಿ ನೂಲಿನಷ್ಟ. ಎದುರಾಬದುರಾ ಎರಡು ಆಟೋ ಬಂದ್ರ ಡ್ರೈವರುಗಳು ಮದಲು ಬೈದಾಡಿ, ಆಮ್ಯಾಲೆ ಊರು ಕೇಳಿ, ಕಡೀಕ ಬೀಡಿ ಹಂಚಿಕೊಂಡು ದಾರಿ ಬಿಡತಿದ್ರು. ಇದನ್ನ ನೋಡಲಾರದ ಟ್ರಾಫಿಕ್ ಆಫೀಸಿನವರು ಒಂದು ದಿನ ಬಂದು, ಉತ್ತರದ ತುದಿಗೆ ಬಾಣದ ಬೋರ್ಡು, ದಕ್ಷಿಣದ ತುದಿಗೆ 'ನೋ ಎಂಟ್ರಿ' ಬೋರ್ಡು ಬಡದು, ಒನ್ ವೇ ಮಾಡಿ ಹೋದ್ರು. ಗಾಡಿ ಉತ್ತರದಿಂದ ಬರಬೇಕು, ದಕ್ಷಿಣಕ್ಕ ಹೋಗಬೇಕು. ಓಣಿಯೊಳಗ ಯಾರಿಗೂ ಏನೂ ಅನಸಲಿಲ್ಲ. ತುಳಸಾಬಾಯಿಯವರಿಗೆ ಅನಸಿತು.

ತುಳಸಾಬಾಯಿ ಅಂದ್ರ ಪ್ರಾಣೇಶರಾಯರ ತಾಯಿ. ರಾಯರ ಅಜ್ಜ ನಿಜಾಮನ ಕಾಲದಾಗ ರಾಯಚೂರಿನಿಂದ ಕಾರಕೂನಕಿಗೆ ಬಂದು, ಓಣಿ ನಡುಮಧ್ಯ ದೊಡ್ಡ ಅಂಗಳದ ವಾಡೆ ಕಟ್ಟಿಸಿದವರು. ಈಗ ರಾಯರು ನೀರಾವರಿ ಆಫೀಸಿನಾಗ ಸೂಪರಿಂಟೆಂಡೆಂಟ್. ಆಫೀಸಿನಾಗ ಕಾಲುವಿ ನೀರು ಎತ್ತ ಹರೀಬೇಕು ಅಂತ ಟಿಪ್ಪಣಿ ಬರೀತಿದ್ರು. ಮನಿಯೊಳಗ ಅವ್ವನ ಮಾತು ಎತ್ತ ಹರೀತದೊ ಅತ್ತ ತಾವು ಹರೀತಿದ್ರು.

"ಪ್ರಾಣ್ಯಾ, ಯಮ ಯಾವ ದಿಕ್ಕಿನಾಗ ಇರತಾನ?" ಅಂತ ಅವ್ವ ಕೇಳಿದ್ರು.

"ದಕ್ಷಿಣದಾಗ ಅಂತಾರವ್ವಾ. ನಾ ಆ ಕಡೆ ಹೋಗಿಲ್ಲ."

"ಹಂಗಾರ ಇನ್ನ ಮ್ಯಾಲೆ ನಮ್ಮನಿಗೆ ಗಾಡಿ ಹತ್ತಿ ಬರೋರೆಲ್ಲಾ ಯಮನ ಮಾರಿ ನೋಡಕೋತ ಬರತಾರ."

ರಾಯರು ನಕ್ಕರು. ಆದ್ರ ನಗಿ ಭಾಳ ದಿನಾ ನಡೀಲಿಲ್ಲ. ಮಗಳು ಸುಹಾಸಿನಿಯನ್ನ ನೋಡಲಿಕ್ಕೆ ಗಂಡಿನವರು ಬರೋದು ಶುರು ಆಗಿತ್ತು. ಮದಲನೇಯವರು ಆಟೋದಾಗ ಉತ್ತರದಿಂದ ಬಂದ್ರು, ಉಪ್ಪಿಟ್ಟು ಶಿರಾ ತಿಂದ್ರು, ತಿಳಸತೀವಿ ಅಂದ್ರು, ತಿಳಸಲಿಲ್ಲ. ಎರಡನೇಯವರಿಗೆ ಜಾತಕ ಕೂಡಲಿಲ್ಲ. ಮೂರನೇಯವರಿಗೆ ಹುಡುಗಿ ಗಣಿತದಾಗ ಎಂ.ಎಸ್ಸಿ. ಮಾಡ್ಯಾಳ ಅಂತ ಹೆದರಿಕಿ ಆತು, ನಾಳೆ ಲೆಕ್ಕಾ ಕೇಳತಾಳ ಅಂತ.

"ಉಪ್ಪಿಟ್ಟಿನಾಗ ಉಪ್ಪಿತ್ತು, ಶಿರಾದಾಗ ಸಕ್ಕರಿ ಇತ್ತು, ಹುಡುಗಿಯೊಳಗ ಎಲ್ಲಾ ಇತ್ತು," ಅಂತ ತುಳಸಾಬಾಯಿ ತೀರ್ಪು ಕೊಟ್ಟರು. "ತಪ್ಪು ದಾರಿಯೊಳಗದ."

"ಅಜ್ಜಿ, ಆ ಮೂರನೇಯಂವ ದಾರಿ ತಪ್ಪಿ ಬಂದಂಗ ಇದ್ದ. ಹೋಗಿದ್ದ ಛಲೋ ಆತು," ಅಂದ್ಲು ಸುಹಾಸಿನಿ.

ಆಕಿಗೆ ಹಂಗ ಅನಸಲಿಕ್ಕೆ ಕಾರಣ ಇತ್ತು. ದಿಲ್‌ಸುಖ್‌ನಗರದ ಒಂದು ಕೋಚಿಂಗ್ ಕ್ಲಾಸಿನಾಗ ಆಕಿ ಗಣಿತ ಕಲಸತಿದ್ಲು. ಅಲ್ಲೆ ಕಲಿಯೋ ತಂಗಿನ್ನ ಕರಕೊಂಡು ಹೋಗಲಿಕ್ಕೆ ವೆಂಕಟೇಶ ಅನ್ನೋ ಹುಡುಗ ಬರತಿದ್ದ. ಕೇಂದ್ರ ಸರ್ಕಾರದ ಒಂದು ರಕ್ಷಣಾ ಕಾರ್ಖಾನಿಯೊಳಗ ಇಂಜಿನಿಯರು, ಮನಿತನ ಗುಲಬರ್ಗಾ ಕಡೆಯದು. ತಂಗಿ ಪಾಸಾಗಿ ಕ್ಲಾಸು ಬಿಟ್ಟಮ್ಯಾಲೂ ಅಂವ ಬರೋದು ಬಿಡಲಿಲ್ಲ. ದೇಶಾ ಕಾಯೋ ಕಾರ್ಖಾನಿಯಂವ ಇಲ್ಲೆ ಬಂದು ಗೇಟು ಕಾಯಲಿಕ್ಕತ್ತಾನ ಅಂತ ಹುಡುಗಿಯರು ನಗತಿದ್ರು.

ಕಡೀಕ ವೆಂಕಟೇಶನ ಮನಿಯವರು ಹೆಣ್ಣು ನೋಡಲಿಕ್ಕೆ ಬರತೀವಿ ಅಂದಾಗ ತುಳಸಾಬಾಯಿ ಯಾವ ಗಂಡಾಂತರಕ್ಕೂ ಕೈ ಹಾಕಲಿಲ್ಲ. ಗಂಡಿನವರನ್ನ ದಕ್ಷಿಣದ ತುದಿಗೆ ಆಟೋ ಇಳಿಸಿ, ನಡಸಿಕೊಂಡು, ಉತ್ತರಕ್ಕ ಮಾರಿ ಮಾಡಿಸಿ ಕರಕೊಂಡು ಬಾ ಅಂತ ಮಗನಿಗೆ ಹೇಳಿದ್ರು. ರಾಯರು ಹಂಗ ಮಾಡಿದ್ರು. ಉಪ್ಪಿಟ್ಟು ಅದನ, ಶಿರಾ ಅದನ, ಹುಡುಗಿನೂ ಆಕಿನ. ಕೂತಲ್ಲೆ ಲಗ್ನ ನಿಶ್ಚಯ ಆಗಿಹೋತು. ಹುಡುಗ ಹುಡುಗಿ ಮದಲ ಒಪ್ಪಿದ್ದರು ಅನ್ನೋದು ಅಜ್ಜಿಗೆ ಗೊತ್ತಿದ್ದಿಲ್ಲ. ಗೊತ್ತಿದ್ರೂ ಅದರ ಶ್ರೇಯಸ್ಸು ಉತ್ತರಕ್ಕ ಹೋಗತಿತ್ತ ಹೊರತು ವೆಂಕಟೇಶಗ ಹೋಗತಿದ್ದಿಲ್ಲ.

ತಕರಾರು ಶುರು ಆದದ್ದು ಮದುವಿ ಮಾತಿಗೆ. ವೆಂಕಟೇಶನ ಅಪ್ಪ ಹನುಮಂತರಾಯರು ಹೇಳಿದ್ರು, "ರಾಯರ, ನೋಡಲಿಕ್ಕೆ ಬಂದಾಗ ನಡದು ಬಂದ್ವಿ, ಆಗ ನಾವು ಗಿರಾಕಿ. ಈಗ ಬೀಗರು. ವರನ ಕಾರು ನಿಮ್ಮ ಬಾಗಿಲ ತನಕ ಬರಬೇಕು. ನನ್ನ ಮಗ ಸಂತಿಗೆ ಹೋದಂಗ ಚಪ್ಪಲಿ ಸಪ್ಪಳ ಮಾಡಕೋತ ಬಂದ್ರ ನಮ್ಮ ಮಂದಿ ಏನಂತಾರ?"

"ಕಾರು ಬರಲಿ," ಅಂದ್ರು ತುಳಸಾಬಾಯಿ. "ದಕ್ಷಿಣದಿಂದ ಬರಲಿ."

"ದಕ್ಷಿಣದಿಂದ ನೋ ಎಂಟ್ರಿ ಅದಲ್ಲರಿ ಅಜ್ಜೀ."

"ಉತ್ತರದಿಂದ ನಂದೂ ನೋ ಎಂಟ್ರಿ ಅದ."

ರಾಯರು ನಡುವ ಬಾಯಿ ಹಾಕಿದ್ರು. "ಅವ್ವಾ, ಒಂದು ಹಾಲ್ ಹಿಡದುಬಿಡೋಣು. ಕಾಚಿಗುಡಾದಾಗ ಛಲೋ ಹಾಲ್ ಅದ."

"ನಾಕು ತಲಿಮಾರಿನ ಅಂಗಳಾ ಬಿಟ್ಟು ಹಾಲಿನಾಗ ಮದುವಿ ಮಾಡತೀಯೇನು? ಮಾಡು. ನಾ ಆ ಹಾಲಿಗೆ ಬರಂಗಿಲ್ಲ, ಈ ಮನಿಯೊಳಗ ಹಾಲೂ ಕುಡಿಯಂಗಿಲ್ಲ."

ಹನುಮಂತರಾಯರು ಎದ್ದು ನಿಂತರು. ಬಾಗಿಲಿಗೆ ಕಾರು ಬರೋ ಹಂಗ ಆದ ದಿನ ಹೇಳಿ ಕಳಸ್ರಿ, ಇಲ್ಲಾಂದ್ರ ಬ್ಯಾರೆ ಕಡೆಯಿಂದನೂ ಜಾತಕ ಬಂದಾವ ಅಂತ ಶಾಂತ ಹೇಳಿ ಹೋದ್ರು. ಆವತ್ತ ಸಂಜೀಮುಂದ ಸುಹಾಸಿನಿ ಅಪ್ಪನ ಮುಂದ ಚಹಾ ಇಟ್ಟು ನಿಂತಳು.

"ಅಪ್ಪಾ, ನನಗ ಇವರ ಬೇಕು. ರಸ್ತಾ ತಿರಗಸತೀರೊ ಅಜ್ಜಿನ್ನ ತಿರಗಸತೀರೊ ನೀವ ನೋಡ್ರಿ."

ರಾಯರು ಇಡೀ ಕಪ್ಪು ಚಹಾ ಕುಡಿಯೋ ತನಕ ವಿಚಾರ ಮಾಡಿದ್ರು. ರಸ್ತಾ ಹಗರ ಅನಸಿತು.

ಟ್ರಾಫಿಕ್ ಆಫೀಸಿನ ಇನ್ಸ್‌ಪೆಕ್ಟರು ತೆಳ್ಳಗಿನ ಮನಿಷ್ಯಾ, ಮಾರಿ ಯಾವಾಗಲೂ ಕೆಂಪು ಸಿಗ್ನಲ್ಲು. ಮಿಸ್ರಿ ಗಲ್ಲಿಯನ್ನ ಟೂ ವೇ ಯಾಕ ಮಾಡಬೇಕು ಅಂತ ಕೇಳಿದ್ರು. ಸಾರ್ವಜನಿಕರಿಗೆ ತ್ರಾಸ ಆಗಲಿಕ್ಕತ್ತದ ಅಂದ್ರು ರಾಯರು. ಎಷ್ಟು ಸಾರ್ವಜನಿಕರಿಗೆ ಅಂತ ಮತ್ತ ಕೇಳಿದ್ರು. ಹೇಳಬೇಕಂದ್ರ ಒಬ್ಬರಿಗೆ, ಆದ್ರ ಅವರು ಭಾಳ ಸಾರ್ವಜನಿಕವಾಗಿ ಮಾತಾಡತಾರ. ಇದನ್ನ ಬಾಯಿಬಿಟ್ಟು ಹೇಳಲಿಕ್ಕೆ ಬರತಿದ್ದಿಲ್ಲ. ಅದಕ್ಕ ರಾಯರು ಓಣಿಗೆ ಹೊಳ್ಳಿ ಬಂದು ಅರ್ಜಿಗೆ ಸಹಿ ಹಾಕಸಲಿಕ್ಕೆ ಜನಾ ಕೂಡಸಿದ್ರು. ಬಳಿ ಅಂಗಡಿಯವಗ ಗಿರಾಕಿ ಎರಡೂ ಕಡೆಯಿಂದ ಬರತಾರ ಅಂದ್ರು. ಡಾಕ್ಟರಿಗೆ ರೋಗಿಗಳು ಎರಡೂ ಕಡೆಯಿಂದ ಬರತಾರ ಅಂದ್ರು. ಓಣಿಯ ದಕ್ಷಿಣದ ತುದಿಗೆ ಘೀಸೂಲಾಲ್ ಅಂತ ಬೆಲ್ಲದ ಸಗಟು ವ್ಯಾಪಾರಿ, ಮಾರವಾಡಿ, ಮಾತಿನಾಗೂ ಬೆಲ್ಲನ ಸಗಟು ಮಾರತಿದ್ದ. ಅಂವಗ ನಿಮ್ಮ ಮಾಲು ಎರಡೂ ಕಡೆಯಿಂದ ಬರತದ ಅಂದ್ರು. "ಆಪ್ ಕಹೇಂ ತೋ, ನೀವಂದ್ರ ಆಕಾಶದಿಂದನೂ ಬರಲಿ ರಾವ್ ಸಾಬ್," ಅಂತ ಅಂವ ಕೂಡಲೆ ಸಹಿ ಹಾಕಿದ.

ಇನ್ಸ್‌ಪೆಕ್ಟರು ಸ್ಥಳ ಪರಿಶೀಲನಾಕ್ಕ ಬಂದ್ರು. ಬಂದವರನ್ನ ತುಳಸಾಬಾಯಿ ಕಟ್ಟಿ ಮ್ಯಾಲೆ ಕೂಡಿಸಿ, ಚಕ್ಕಲಿ ಕೊಟ್ಟು, ಅಪ್ಪಟ ಹೈದರಾಬಾದಿ ಹಿಂದಿಯೊಳಗ ಅವರ ಮನಿ ಬಾಗಿಲು ಯಾವ ದಿಕ್ಕಿಗದ ಅಂತ ಕೇಳಿದ್ರು.

"ದಕ್ಷಿಣಕ್ಕ," ಅಂದ್ರು ಇನ್ಸ್‌ಪೆಕ್ಟರು.

ತುಳಸಾಬಾಯಿ ಇನ್ನೊಂದು ಚಕ್ಕಲಿ ಕೊಟ್ಟರು, ದವಾಖಾನಿಯೊಳಗ ಪೇಶಂಟಿಗೆ ಬಿಸ್ಕೀಟು ಕೊಟ್ಟಂಗ. ಇನ್ಸ್‌ಪೆಕ್ಟರ ಕೈ ನಡುವ ನಿಂತಿತು. ಆ ದಕ್ಷಿಣದ ಬಾಗಿಲಿನ ಮನಿಗೆ ಹೋದಮ್ಯಾಲೆ ಅವರಿಗೆ ಬದಲಿ ಮ್ಯಾಲೆ ಬದಲಿ ಆಗಿದ್ವು, ಹೆಂಡತಿಗೆ ಮಣಕಾಲು ಹಿಡದಿತ್ತು, ಫ್ರಿಜ್ ಕೆಟ್ಟಿತ್ತು. ಅವರು ಎದ್ದು ಓಣಿಯ ಈ ತುದಿ ನೋಡಿದ್ರು, ಆ ತುದಿ ನೋಡಿದ್ರು. ವರ್ಷಗಟ್ಟಲೆ ಮಲಗಬೇಕಾಗಿದ್ದ ಫೈಲು ಎದ್ದು ಓಡಿತು. ಮದುವಿ ವಾರದಾಗ ಎರಡೂ ಬೋರ್ಡು ಕಿತ್ತರು. ಮಿಸ್ರಿ ಗಲ್ಲಿ ಟೂ ವೇ ಆತು.

ಮದುವಿ ಗೋರಜ ಮುಹೂರ್ತಕ್ಕ, ಅಂದ್ರ ಸಂಜೀಕ, ಹೊತ್ತು ಮುಳಗೋ ವ್ಯಾಳ್ಯಾಕ್ಕ. ಬೀಗರ ಬಿಡಾರ ದಕ್ಷಿಣದ ತುದಿಯಾಚೆ ಒಂದು ಧರ್ಮಶಾಲೆಯೊಳಗ. ಅಲ್ಲಿಂದ ಹೂವಿನ ಅಂಬಾಸಿಡರು ಉತ್ತರಕ್ಕ ಮಾರಿ ಮಾಡಿ ಹೊಂಟಿತು. ಒಳಗ ಬಾಸಿಂಗ ಕಟಗೊಂಡ ವೆಂಕಟೇಶ, ಮಗ್ಗಲಕ್ಕ ಹನುಮಂತರಾಯರು, ಹಿಂದ ಹೆಣ್ಣುಮಕ್ಕಳ ಆಟೋಗಳು. ರಾಯರು ಬಾಗಲದಾಗ ನಿಂತು ನೋಡತಿದ್ರು. ಗೆದ್ದ ಮನಿಷ್ಯಾ ಹೆಂಗ ನಿಲ್ಲತಾನೊ ಹಂಗ ನಿಂತಿದ್ರು. ಅಷ್ಟರಾಗ ಅವರ ಬೆನ್ನ ಹಿಂದ, ಉತ್ತರದ ಕಡೆಯಿಂದ, ಬ್ಯಾಂಡು ಕೇಳಿಸಿತು.

ಛಲೋ ಮುಹೂರ್ತ ಒಬ್ಬರ ಮನಿ ಆಸ್ತಿ ಅಲ್ಲ. ಘೀಸೂಲಾಲನ ಮಗಳಿಗೂ ಆವತ್ತ ಮದುವಿ. ಆಕಿ ವರ ಬಿಳಿ ಕುದರಿ ಮ್ಯಾಲೆ, ಮಾರಿಗೆ ಹೂವಿನ ಜಾಲರಿ ಇಳಿಬಿಟಗೊಂಡು, ಸೊಂಟಕ್ಕ ಖಡ್ಗ ಸಿಗಿಸಿಗೊಂಡು, ಬ್ಯಾಂಡು ಮುಂದ ಮಾಡಿ ದಕ್ಷಿಣಕ್ಕ ಬರಲಿಕ್ಕತ್ತಿದ್ದ. ಬಾರಾತು ರಾಯರ ಬಾಗಲಾ ದಾಟಿ ಮುಂದ ಹೋತು. ನಾಕು ಮನಿ ಆಚೆ, ಕುದರಿ ಮೂಗು ಮತ್ತ ಅಂಬಾಸಿಡರಿನ ಮೂಗು ಎದುರಾಬದುರಾ ನಿಂತವು.

ಕುದರಿ ಹಾರನ್ನಿಗೆ ಹೆದರಲಿಲ್ಲ. ಕಾರು ಕೆನತಕ್ಕ ಹೆದರಲಿಲ್ಲ. ಮಗ್ಗಲಿಗೆ ಸರೀಲಿಕ್ಕೆ ಮೊಳದಷ್ಟೂ ಜಾಗಾ ಇದ್ದಿಲ್ಲ.

"ಹಿಂದ ತಗೋರಿ," ಅಂದ್ರು ಬಾರಾತಿನವರು.

"ಮದುವಿಗೆ ಹೊಂಟ ವರ ಹಿಂದಕ್ಕ ಹೋಗೋದಿಲ್ಲ," ಅಂದ್ರು ಹನುಮಂತರಾಯರು ಕಿಟಕಿಯಿಂದ. "ಹಿಂದ ಹೋದ್ರ ಮದುವಿನೂ ಹಿಂದ ಹೋಗತದ. ನೀವು ತಗೋರಿ."

"ನಮ್ಮದೂ ವರನ," ಅಂದ ಆ ವರನ ಕಾಕಾ. "ನಮ್ಮಲ್ಲೂ ಹಿಂದಕ್ಕಿಲ್ಲ."

"ಹಂಗಾರ ಇಳಿದು ನಡದು ಹೋಗಲಿ."

"ಹೆಣ್ಣಿನ ಬಾಗಲಾ ತೋರಣಾ ಖಡ್ಗದಿಂದ ಮುಟ್ಟೋ ತನಕ ನಮ್ಮ ದೂಲ್ಹಾ ನೆಲಾ ಮುಟ್ಟಂಗಿಲ್ಲ. ನಿಮ್ಮಂವ ಇಳೀಲಿ."

"ನನ್ನ ಮಗ ಇಳೀಬೇಕೇನು? ಇಳದ್ರ ಹೊಳ್ಳಿ ಬಿಡಾರಕ್ಕ ಹೋಗಲಿಕ್ಕೆನ ಇಳಿಯೋದು."

ರಾಯರು ಬಾಗಲಾ ಬಿಟ್ಟು ಬಾರಾತಿನೊಳಗ ನುಗ್ಗಿ ಕಾರಿನ ತನಕ ಓಡಿದ್ರು. ಆ ಕಡೆಯಿಂದ ಘೀಸೂಲಾಲ್ ಪೇಟಾ ಹಿಡಕೊಂಡು, ಆಟೋಗಳ ನಡುವ ನುಸುಳಿ ಓಡಿ ಬಂದ. ಇಬ್ಬರು ಹೆಣ್ಣಿನ ಅಪ್ಪಗೋಳು ಒಬ್ಬರ ಮಾರಿ ಒಬ್ಬರು ನೋಡಿದ್ರು. ಹಳೇ ಒನ್ ವೇ ಇದ್ದಿದ್ರ ಘೀಸೂಲಾಲನ ಅಳಿಯ ಇಷ್ಟೊತ್ತಿಗೆ ತೋರಣಾ ಮುಟ್ಟಿ ಶರಬತ್ತು ಕುಡೀತಿದ್ದ.

"ರಾವ್ ಸಾಬ್," ಅಂದ ಘೀಸೂಲಾಲ್, ಈ ಸಲ ಬೆಲ್ಲ ಇಲ್ಲದ, "ನನ್ನ ಸಹಿ ನನ್ನ ಮಗಳ ಬಾರಾತಿಗೆ ಅಡ್ಡ ಬಂತಲ್ಲರಿ."

ಹಿಂದ ಎರಡೂ ಕಡೆ ಗಾಡಿ ಕಟ್ಟಿಕೊಂಡವು. ಯಾದಗಿರಿ ಅನ್ನೋ ಕಾನ್‌ಸ್ಟೇಬಲ್ಲು ಸೀಟಿ ಊದಕೋತ ಬಂದ. ಕುದರಿ ನೋಡಿದ, ಕಾರು ನೋಡಿದ, ಸೀಟಿ ಕಿಸೆದಾಗ ಇಟಗೊಂಡ. ಈ ಓಣಿನ್ನ ಟೂ ವೇ ಮಾಡಿಸಿದ ಪುಣ್ಯಾತ್ಮ ಯಾರು ಅಂತ ತೆಲುಗಿನಾಗ ಕೇಳಿದ. ಓಣಿಗೆ ಓಣಿನ ರಾಯರ ಕಡೆ ಕೈ ಮಾಡಿತು. ಇಷ್ಟು ಒಗ್ಗಟ್ಟು ಸಹಿ ಹಾಕೋವಾಗನೂ ಇದ್ದಿಲ್ಲ.

ಬೆಳಕು ಕೆಂಪಗಾಗಲಿಕ್ಕತ್ತಿತ್ತು. ಪುರೋಹಿತರು ಅಂಗಳದಿಂದ ಎರಡು ಸಲ ಬಂದು, ಆಕಾಶ ನೋಡಿ ಒಳಗ ಹೋದ್ರು. ಹನುಮಂತರಾಯರು ಡ್ರೈವರಿಗೆ ಇಂಜಿನ್ ಬಂದ್ ಮಾಡು ಅಂದ್ರು, ಮದುವಿನ ಬಂದ್ ಮಾಡಿದ ದನಿಯೊಳಗ. ಆಗ ರಾಯರ ಮನಿ ಮಹಡಿ ಕಿಟಕಿ ತೆಗೀತು. ಮದುಮಗಳು ಹಿಂಗ ಓಣಿಗೆ ಬಗ್ಗಬಾರದು ಅಂತ ಆಕಿ ಅವ್ವ ಮಂದಾಕಿನಿ ಒಳಗಿಂದ ಸೆರಗು ಹಿಡದು ಎಳದಷ್ಟೂ ಸುಹಾಸಿನಿ ಹೊರಗ ಬಗ್ಗಿದಳು.

"ಅಪ್ಪಾ, ಕುದರಿ ಅಲ್ಲಿಂದ ಇತ್ತಾಗ ಬರಲಿಕ್ಕೆ ಅಡ್ಡಿ ಇಲ್ಲಲ್ಲ?"

"ಕುದರಿಗೇನವಾ, ಅದು ಹೊಳ್ಳತದ. ಅದರ ಮ್ಯಾಲಿನ ವರ ಹೊಳ್ಳಂಗಿಲ್ಲ."

"ಕಾರು ಅತ್ತಾಗ ಹಿಂದ ಹೋಗಲಿಕ್ಕೂ ಅಡ್ಡಿ ಇಲ್ಲ. ಅದರೊಳಗಿನ ವರ ಹೋಗಂಗಿಲ್ಲ. ಹಂಗಾರ ಇವರು ಕುದರಿ ಹತ್ತಲಿ, ಅವರು ಕಾರು ಹತ್ತಲಿ. ಇಬ್ಬರೂ ಮುಂದ ಮುಂದನ ಹೋಗತಾರ."

ಎಂ.ಎಸ್ಸಿ. ಮಾಡಿದವರು ಲೆಕ್ಕಾ ಕೇಳತಾರ ಅಂತ ಆ ಮೂರನೇಯವರು ಹೆದರಿದ್ದರಲ್ಲ, ಈಕಿಗೆ ಲೆಕ್ಕಾ ಬಿಡಸಲಿಕ್ಕೂ ಬರತಿತ್ತು.

"ನೆಲಾ ಮುಟ್ಟಂಗಿಲ್ಲ," ಅಂತ ನೆನಪು ಮಾಡಿದ ಆ ಕಾಕಾ.

"ನೆಲಾ ಯಾಕ ಮುಟ್ಟಬೇಕು?" ಬಾಗಲದಾಗ ತುಳಸಾಬಾಯಿ ಬಂದು ನಿಂತಿದ್ರು, ಒಂಬತ್ತು ಗಜದ ಸೀರಿಯೊಳಗ, ಸುಪ್ರೀಂ ಕೋರ್ಟಿನಂಗ. "ನಡುವ ಬಾನೆಟ್ಟು ಅದಲ್ಲ. ಆ ಕೂಸು ಕುದರಿಯಿಂದ ಅದರ ಮ್ಯಾಲೆ ದಾಟಲಿ. ಈ ಕೂಸು ಅದರ ಮ್ಯಾಲಿಂದ ಕುದರಿಗೆ ದಾಟಲಿ. ದಾಟೋದಕ್ಕ ಯಾವ ಶಾಸ್ತ್ರದಾಗೂ ಬ್ಯಾಡ ಅಂದಿಲ್ಲ."

ಯಾವ ಶಾಸ್ತ್ರದಾಗೂ ಅಂಬಾಸಿಡರು ಇರಲಿಲ್ಲ ಅಂತ ಪುರೋಹಿತರು ಅನ್ನಬಹುದಿತ್ತು. ಅವರಿಗೆ ದಕ್ಷಿಣಾ ಕೊಡೋ ಕೈ ತುಳಸಾಬಾಯಿಯದು.

ವೆಂಕಟೇಶ ಕಾರಿನಿಂದ ಒಂದು ಕಾಲು ಹೊರಗ ತಗದು, ಕುದರಿ ನೋಡಿ, ಒಳಗ ತಗೊಂಡ. ದೇಶಾ ಕಾಯೋ ಕಾರ್ಖಾನಿಯೊಳಗ ಕುದರಿ ಇರಂಗಿಲ್ಲ. ಅಂವ ಮ್ಯಾಲೆ ಕಿಟಕಿಗೆ ನೋಡಿದ. ಸುಹಾಸಿನಿ ಅಂವನ್ನ ನೋಡಿದಳು. ಕಾಲು ಮತ್ತ ಹೊರಗ ಬಂತು. ಮಡ್‌ಗಾರ್ಡ್ ಮ್ಯಾಲೆ ಕಾಲಿಟ್ಟು ಬಾನೆಟ್ಟು ಹತ್ತಿದ. ಆ ಕಡೆಯಿಂದ ಮಾರವಾಡಿ ವರ ಖಡ್ಗ ಸಂಬಾಳಿಸಿಕೋತ ಇಳದ. ಇಬ್ಬರೂ ಒಂದು ಕ್ಷಣ ಬಾನೆಟ್ಟಿನ ಮ್ಯಾಲೆ ಎದುರಾಬದುರಾ ನಿಂತರು, ಒಬ್ಬಂವ ಬಾಸಿಂಗದಾಗ, ಒಬ್ಬಂವ ಹೂವಿನ ಜಾಲರಿಯೊಳಗ. ಬ್ಯಾರೆ ಏನು ಮಾಡಬೇಕು ತಿಳೀಲಾರದ ಕೈಕುಲುಕಿದ್ರು.

"ನನ್ನ ಗಾಡಿ," ಅಂದ ಡ್ರೈವರು, ಅತ್ತಂಗ.

"ನಿನ್ನ ಗಾಡಿ ಮ್ಯಾಲೆ ಇವತ್ತ ಎರಡು ಮದುವಿ ನಿಂತಾವ, ಪುಣ್ಯಾ ಬರತದ," ಅಂದ ಯಾದಗಿರಿ. ಕಡೀಕೂ ಸೀಟಿ ಊದಿ ಹಿಂದಿನ ಆಟೋಗಳನ್ನ ತಳ್ಳಿಸಲಿಕ್ಕೆ ಶುರು ಮಾಡಿದ.

ಬಾಗಲದ ತೋರಣಾ ಎತ್ತರದಾಗಿಂದನ ಮುಟ್ಟಬೇಕು ಅಂತ ಆ ವರ ಕಾರಿನೊಳಗ ಹೋಗಲಿಲ್ಲ. ಬಾನೆಟ್ಟಿನ ಮ್ಯಾಲೆನ, ಮುಂದಿನ ಗಾಜಿಗೆ ಬೆನ್ನು ಹಚ್ಚಿ ಕೂತ. ಅಂಬಾಸಿಡರು ಅಂವನ್ನ ಹೊತಗೊಂಡು ಹಿಂದ ಹಿಂದ ದಕ್ಷಿಣಕ್ಕ ಹೋತು. ಇತ್ತಾಗ ಕುದರಿ ಹೊಳ್ಳಿತು, ವೆಂಕಟೇಶ ಅದರ ಕುತಗಿ ಅಪ್ಪಿಕೊಂಡು, ಕಣ್ಣು ಮುಚ್ಚಿಕೊಂಡು ಉತ್ತರಕ್ಕ ಬಂದ. ಫಜೀತಿ ಆದದ್ದು ಬ್ಯಾಂಡಿನವರಿಗೆ. ರೊಕ್ಕಾ ಕೊಟ್ಟಂವ ಅತ್ತ, ಕುದರಿ ಇತ್ತ. ಡೋಲು ಕುದರಿ ಹಿಂದ ಬಂತು, ಪೀಪಿ ಕಾರಿನ ಹಿಂದ ಹೋತು. ಹನುಮಂತರಾಯರು ಮಗನ ಕುದರಿ ಮುಂದ ನಡಕೋತ ಬಂದ್ರು. ಅವರು ನಡದದ್ದನ್ನ ಯಾರೂ ಎತ್ತಿ ಆಡಲಿಲ್ಲ, ಕುದರಿ ಮ್ಯಾಲೆ ವರ ಬಂದ ಮನಿತನ ಗುಲಬರ್ಗಾ ಕಡೆ ಇನ್ನೊಂದು ಇರಲಿಲ್ಲ.

ಹಿಮ್ಮುಖ ಹೋಗೋ ಕಾರು ನೋಡಕೋತ ನಿಂತ ರಾಯರಿಗೆ ಒಂದು ವಿಚಾರ ಹೊಳೀತು. ಆ ವರ ಹೊಂಟದ್ದು ದಕ್ಷಿಣಕ್ಕ, ಮಾರಿ ಇದ್ದದ್ದು ಉತ್ತರಕ್ಕ. ಅಂದ್ರ ಒನ್ ವೇ ಇದ್ದಾಗನೂ ವೆಂಕಟೇಶನ ಕಾರು ಉತ್ತರದ ತುದಿಯಿಂದ ಹಿಂದ ಹಿಂದ ಬಂದಿದ್ರ ಆಗತಿತ್ತು. ಕಾನೂನು ಉಳೀತಿತ್ತು, ಅವ್ವನ ಮಾತು ಉಳೀತಿತ್ತು, ಚಪ್ಪಲಿ ಸವದದ್ದು ಉಳೀತಿತ್ತು. ರಾಯರು ಈ ವಿಚಾರ ಯಾರ ಮುಂದನೂ ಹೇಳಲಿಲ್ಲ. ಹೊತ್ತು ಪೂರ್ತಿ ಮುಳಗೋದರಾಗ ಅಕ್ಷತಾ ಬಿತ್ತು.

ಮರುದಿನ ಮುಂಜಾನೆ ಸುಹಾಸಿನಿಯನ್ನ ಕಳಿಸಿಕೊಡೋ ಹೊತ್ತು. ಗಂಡನ ಮನಿ ದಿಲ್‌ಸುಖ್‌ನಗರದ ಕಡೆ, ದಕ್ಷಿಣದ ತುದಿಯಿಂದ ಹಾದು ಹೋಗಬೇಕು. ಡ್ರೈವರು, ಬಾನೆಟ್ಟಿನ ತಗ್ಗು ಒರಸಕೋತ, ಎತ್ತ ಬಿಡಲಿ ಅಂತ ಕೇಳಿದ. ಎಲ್ಲಾರೂ ತುಳಸಾಬಾಯಿಯವರನ್ನ ನೋಡಿದ್ರು. ಅವರು ಮೊಮ್ಮಗಳ ಗದ್ದಾ ಹಿಡದು ನಿಂತಿದ್ರು.

"ಅಜ್ಜಿ, ಉತ್ತರದಿಂದ ಸುತ್ತು ಹಾಕಿ ಹೋಗತೀವಿ, ನೀ ಚಿಂತಿ ಮಾಡಬ್ಯಾಡ," ಅಂದ್ಲು ಸುಹಾಸಿನಿ.

"ಸುತ್ತು ಯಾಕ? ಸೀದಾ ದಕ್ಷಿಣಕ್ಕ ಹೋಗ್ರಿ."

"ಅವ್ವಾ, ಯಮ?" ಅಂದ್ರು ರಾಯರು. ತಡೀಲಿಕ್ಕಾಗಲಿಲ್ಲ.

"ಯಮಗ ಬ್ಯಾರೆ ಕೆಲಸ ಇರತಾವ." ಮುದುಕಿ ಮೂಗು ಏರಿಸಿದ್ರು. "ಆ ಕಡೆ ಹೋದ್ರ ಆ ಕಡೆಯಿಂದನ ಹೊಳ್ಳಿ ಬರತಾಳಲ್ಲೊ. ಉತ್ತರಕ್ಕ ಮಾರಿ ಮಾಡಿ ಬರತಾಳ. ಈಗ ಬರಲಿಕ್ಕೂ ಹಾದಿ ಅದ. ಪಂಚಮಿಗೆ ಬಾ ನಮ್ಮವ್ವಾ, ತಂಬಿಟ್ಟು ಮಾಡಿರತೀನಿ."

ಕಾರು ದಕ್ಷಿಣಕ್ಕ ಹೋತು. ರಾಯರು ಓಣಿ ನಡುವ ನಿಂತು, ಅದು ತಿರುವಿನಾಗ ಹೊಳ್ಳೋ ತನಕ ನೋಡಿದ್ರು, ಹೊಳ್ಳಿದ ಮ್ಯಾಲೂ ನೋಡಿದ್ರು. ಹಿಂದಿನಿಂದ ಒಂದು ಹಾಲಿನ ಸ್ಕೂಟರು ಹಾರನ್ ಹೊಡೀತು. ಎಡಕ್ಕ ಸರಿದ್ರು. ಮುಂದಿನಿಂದ ಒಂದು ಆಟೋ ಹಾರನ್ ಹೊಡೀತು. ಬಲಕ್ಕ ಸರಿದ್ರು. ಕಣ್ಣು ತುಂಬಿದ್ವು, ಎತ್ತ ಸರೀಬೇಕು ತಿಳೀಲಿಲ್ಲ.

"ಒಳಗ ಬಾರೊ ಮಂಗ್ಯಾ," ಅಂತ ತುಳಸಾಬಾಯಿ ಅಂಗಿ ತೋಳು ಹಿಡದು ಎಳಕೊಂಡ್ರು. "ನೋಡಿ ನಡಿ. ಎರಡೂ ಕಡೆಯಿಂದ ಬರತಾವೀಗ."